ನೆನಪಿಲ್ಲವೆಂದ ರೂತಬಾಯಿ

ರೂತಬಾಯಿ ಕಟ್ಟಿಮನಿ ಮುಧೋಳ ತಾಲೂಕಿನ ಒಂದು ಆರೋಗ್ಯ ಉಪಕೇಂದ್ರದಲ್ಲಿ ಇಪ್ಪತ್ತೇಳು ವರ್ಷ ನರ್ಸಬಾಯಿಯಾಗಿದ್ದಳು. ಊರಿನ ಹೆಸರು ಹೇಳುವುದಿಲ್ಲ. ರನ್ನ ಬೆಳಗಲಿಯಿಂದ ಇನ್ನಷ್ಟು ಒಳಗೆ, ಕಬ್ಬಿನ ಹೊಲಗಳ ನಡುವಿನ ಊರು ಎಂದರೆ ಸಾಕು. ಇದನ್ನು ಬರೆಯಲು ಆಕೆಯೇ ಒಪ್ಪಿಗೆ ಕೊಟ್ಟಿದ್ದಾಳೆ. "ಬರೀರಿ ಮಾಸ್ತರ, ಆದ್ರ ನನ್ನ ಭಾಳ ಛಲೋ ಹೆಂಗಸು ಮಾಡಿ ಬರೀಬ್ಯಾಡ್ರಿ" ಎಂದಳು. ಆದಷ್ಟು ಹಾಗೆಯೇ ಬರೆಯಲು ನೋಡುತ್ತೇನೆ.

ನಾನು ಮುಧೋಳದಲ್ಲಿ ಹೈಸ್ಕೂಲು ಮಾಸ್ತರನಾಗಿ ನಿವೃತ್ತನಾದವನು. ಅಲ್ಲಿನ ನಮ್ಮ ಸಣ್ಣ ಕ್ರೈಸ್ತ ಸಭೆಗೆ ಕಾರ್ಯದರ್ಶಿ. ಮಕ್ಕಳುಮರಿ ಎಲ್ಲ ಸೇರಿ ನಾವು ನಲವತ್ತು ಮಂದಿ ಆದೇವು. ಸಿಮೆಂಟಿನ ತಗಡು ಹೊದಿಸಿದ ಒಂದು ಉದ್ದನೆಯ ಕೋಣೆಯಲ್ಲಿ ರವಿವಾರ ಕೂಡುತ್ತೇವೆ. ಪಾಸ್ಟರ್ ಕರೆಪ್ಪನವರು ಜಮಖಂಡಿಯಿಂದ ಬಸ್ಸಿನಲ್ಲಿ ಬರುತ್ತಾರೆ. ಅವರು ಮೊದಲು ಸಕ್ಕರೆ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಟರ್ನರ್ ಆಗಿದ್ದವರು. ಕ್ರಿಸ್ತನನ್ನು ನಂಬಿದ ಮೇಲೂ ತಾಯಿ ಇಟ್ಟ ಹೆಸರನ್ನು ಬದಲಿಸಲಿಲ್ಲ.

ರೂತಬಾಯಿಯ ತಂದೆ ಗುಳೇದಗುಡ್ಡದಿಂದ ಬನಹಟ್ಟಿಗೆ ಬಂದ ನೇಕಾರ. ಅಕ್ಕಪಕ್ಕದ ಮನೆಗಳ ಪಾವರ್‌ಲೂಮಿನ ಸದ್ದಿನಲ್ಲಿ ಸಂಜೆಯ ಪ್ರಾರ್ಥನೆಯ ಹಾಡು ಕೇಳಿಸುವುದಿಲ್ಲವೆಂದು ಆ ಮನೆಯ ಮಕ್ಕಳು ಗಟ್ಟಿಯಾಗಿ ಹಾಡುತ್ತಿದ್ದರಂತೆ. ಆಕೆಯ ದನಿ ಈಗಲೂ ಹಾಗೆಯೇ ಇದೆ. ನಮ್ಮಲ್ಲಿ ಹಾಡು ಎತ್ತುವವಳು ಆಕೆಯೇ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಗಂಡ ಎದೆರೋಗದಿಂದ ತೀರಿಕೊಂಡ. ಮಕ್ಕಳಾಗಲಿಲ್ಲ. ಆಮೇಲೆ ಆಕೆಗೆ ಆ ಊರೇ ಎಲ್ಲ ಆಯಿತು. ಗುರುವಾರ ಲಸಿಕೆಯ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಮುಧೋಳದ ಬಸ್ಸಿನಿಂದ ಇಳಿದರೆ ತಾಯಂದಿರು ಆಗಲೇ ಕೂಸುಗಳನ್ನು ಎತ್ತಿಕೊಂಡು ಕಾದಿರುತ್ತಿದ್ದರು. ಕೊರೋನಾ ಬಂದ ವರ್ಷ ಮನೆಮನೆ ತಿರುಗಿ, ತಾನೂ ಜ್ವರ ಹಿಡಿದು ಮಲಗಿ, ಎದ್ದು ಮತ್ತೆ ತಿರುಗಿದಳು. ಊರಲ್ಲಿ ಒಂದು ಮಾತು ಹೇಳಿದರೆ ನಡೆಯುತ್ತಿತ್ತು. ಜಗಳವಾಡಿದ ಗಂಡಹೆಂಡಿರು ಕೂಡ ಆಕೆಯ ಮುಂದೆ ಬಂದು ನಿಲ್ಲುತ್ತಿದ್ದರು. ಅದು ಆಕೆಗೆ ಹಿತವಾಗಿತ್ತು. ಅದರಲ್ಲಿ ತಪ್ಪೇನಿದೆ ಎಂದು ನಾನು ಕೇಳಿದರೆ ಆಕೆ ತಲೆಯಾಡಿಸುತ್ತಾಳೆ. ಅಲ್ಲಿಂದಲೇ ಸುರುವಾಯಿತು ಎನ್ನುತ್ತಾಳೆ.

ನಾಲ್ಕು ವರ್ಷದ ಹಿಂದೆ ಆ ಉಪಕೇಂದ್ರಕ್ಕೆ ಪೂರ್ಣಿಮಾ ಎಂಬ ಹುಡುಗಿ ಬಂದಳು. ಸಾವಳಗಿಯವಳು, ಬಿ.ಎಸ್ಸಿ ನರ್ಸಿಂಗ್ ಓದಿದವಳು, ಇಪ್ಪತ್ತೈದು ವರ್ಷ. ಸಮುದಾಯ ಆರೋಗ್ಯ ಅಧಿಕಾರಿ ಎಂಬ ಹೊಸ ಹುದ್ದೆ. ಕಾಂಟ್ರಾಕ್ಟಿನ ಮೇಲೆ ಬಂದಿದ್ದರೂ ಕಾಗದದ ಮೇಲೆ ಆಕೆಯೇ ಕೇಂದ್ರದ ಮುಖ್ಯಸ್ಥೆ. ಇಪ್ಪತ್ತನಾಲ್ಕು ವರ್ಷದಿಂದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ರೂತಬಾಯಿ ಅದರ ಇನ್ನೊಂದು ಕೈ ಮಾಡಿಸಿ ಆಕೆಗೆ ಕೊಡಬೇಕಾಯಿತು.

ಹುಡುಗಿ ಕೆಟ್ಟವಳಲ್ಲ. ಬಂದ ದಿನವೇ 'ಅಕ್ಕಾರ' ಎಂದು ಕರೆದಳು, ಕೊನೆಯವರೆಗೂ ಹಾಗೆಯೇ ಕರೆದಳು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದ್ದ ಮುದುಕರನ್ನೆಲ್ಲ ಹುಡುಕಿ ಹುಡುಕಿ ಹೆಸರು ಬರೆದುಕೊಂಡಳು. ಎರಡು ತಿಂಗಳಲ್ಲಿ ಯಾರ ಮೊಣಕಾಲು ನೋಯುತ್ತದೆ, ಯಾರ ಸೊಸೆ ಮಾತಾಡಿಸುವುದಿಲ್ಲ ಎಲ್ಲ ತಿಳಿದುಕೊಂಡಿದ್ದಳು. ಒಳಗೆ ಸೆಕೆಯೆಂದು ಕುರ್ಚಿ ಮೇಜನ್ನು ಬೇವಿನ ಮರದ ಕೆಳಗೆ ಹಾಕಿಸಿದಳು. ಮುದುಕಿಯರು ಔಷಧಿ ಬೇಕಿಲ್ಲದ ದಿನವೂ ಬಂದು ಅಲ್ಲಿ ಕೂರತೊಡಗಿದರು.

ಒಂದು ದಿನ ಹಣಮವ್ವ ಎಂಬ ಮುದುಕಿ ಬಂದಳು. ಆಕೆಯ ನಾಲ್ಕು ಮೊಮ್ಮಕ್ಕಳ ಹೆರಿಗೆ ಮಾಡಿಸಿದವಳು ರೂತಬಾಯಿ. ಹಣಮವ್ವ ಬಾಗಿಲಲ್ಲಿ ನಿಂತಿದ್ದ ರೂತಬಾಯಿಯನ್ನು ದಾಟಿಕೊಂಡು ಸೀದಾ ಮರದ ಕಡೆಗೆ ನಡೆದಳು. "ಮೇಡಂ ಅದಾಳಿಲ್ಲೋ?" ಎಂದಷ್ಟೇ ಕೇಳಿದಳು. ಮುದುಕಿಗೆ ಕಣ್ಣು ಮಂಜು, ಯಾರು ನಿಂತಿದ್ದಾರೆಂದು ಸರಿಯಾಗಿ ಕಂಡಿರಲಿಕ್ಕಿಲ್ಲ. ರೂತಬಾಯಿಗೆ ಅದು ಗೊತ್ತಿತ್ತು. ಗೊತ್ತಿದ್ದರೂ ಆ ನಡಿಗೆ ತಿಂಗಳುಗಟ್ಟಲೆ ಆಕೆಯ ಎದೆಯಲ್ಲಿ ನಡೆಯುತ್ತಲೇ ಇತ್ತು.

ಆಮೇಲೆ ಸಣ್ಣ ಸಣ್ಣ ಸಂಗತಿಗಳು ನಡೆದವು. ಮೇಲಿನ ಆಫೀಸಿನಿಂದ ಮೀಟಿಂಗಿನ ಸುದ್ದಿ ಬಂದರೆ ಪೂರ್ಣಿಮಾಗೆ ತಡವಾಗಿ ತಿಳಿಸುವುದು. ಊರವರು ಹುಡುಗಿಯನ್ನು ಹೊಗಳಿದರೆ ನಗುನಗುತ್ತಲೇ, ಇನ್ನೂ ಸಣ್ಣಾಕಿ, ಕಲೀಬೇಕು ಎನ್ನುವುದು. ಇವುಗಳಲ್ಲಿ ಯಾವುದೂ ಸುಳ್ಳಲ್ಲ, ಯಾವುದನ್ನೂ ಯಾರೂ ಹಿಡಿದು ತೋರಿಸಲಾರರು. ಆ ವರ್ಷವೆಲ್ಲ ಆಕೆ ನಮ್ಮ ಸಭೆಯಲ್ಲಿ ದಣಿವು, ದಣಿವು ಎನ್ನುತ್ತಿದ್ದಳು. ಹೆಂಗಸರ ಪ್ರಾರ್ಥನಾಕೂಟದಲ್ಲಿ ಆಕೆಯ ದಣಿವಿಗಾಗಿ ಎಲ್ಲರೂ ಪ್ರಾರ್ಥಿಸಿದರು. ರಕ್ತ ಕಡಿಮೆಯಾಗಿರಬಹುದು, ಪರೀಕ್ಷೆ ಮಾಡಿಸು ಎಂದು ನಾನೂ ಹೇಳಿದ್ದೆ.

ಪೂರ್ಣಿಮಾ ಬಂದ ಎರಡನೆಯ ವರ್ಷದ ಶ್ರಾವಣದಲ್ಲಿ ಆ ಊರಿನ ಚನಮಲ್ಲಪ್ಪ ಎಂಬ ಹಿರಿಯ ರೈತ ಹೊಲದಲ್ಲಿ ಬಿದ್ದ. ಸಕ್ಕರೆ ಕಾಯಿಲೆಯ ಮನುಷ್ಯ. ಸೋಮವಾರದ ಉಪವಾಸವಿದ್ದ, ಆದರೂ ದಿನದ ರೂಢಿಯಂತೆ ಗುಳಿಗೆ ನುಂಗಿ ಕಬ್ಬಿಗೆ ನೀರು ತಿರುವಲು ಹೋಗಿದ್ದ. ಖಾಲಿ ಹೊಟ್ಟೆಯಲ್ಲಿ ಗುಳಿಗೆ ಕೆಲಸ ಮಾಡಿ ರಕ್ತದ ಸಕ್ಕರೆ ತೀರ ಇಳಿದುಹೋಗಿತ್ತು. ಬದುವಿನ ಮೇಲೆ ಮೈಮರೆತು ಬಿದ್ದವನನ್ನು ಮುಧೋಳದ ಆಸ್ಪತ್ರೆಗೆ ಒಯ್ದರು. ಮೂರು ದಿನಕ್ಕೆ ಮನೆಗೆ ಬಂದನಾದರೂ ಮಾತು ತೊದಲುತ್ತಿತ್ತು, ಏನು ಕೇಳಿದರೂ ತಿಳಿಯುವಂತೆ ಹೇಳಲಾಗುತ್ತಿರಲಿಲ್ಲ. ಸರಿಹೋಗಲು ತಿಂಗಳುಗಳೇ ಬೇಕಾದವು. ಅವನ ಮಗ ರಾಮಣ್ಣ ಕೇಂದ್ರಕ್ಕೆ ಬಂದು ಗದ್ದಲ ಮಾಡಿದ. ಆ ಹುಡುಗಿ ಗುಳಿಗೆ ಕೊಡುತ್ತಾಳೆ, ಯಾವಾಗ ತೆಗೆದುಕೊಳ್ಳಬೇಕು, ಯಾವಾಗ ಬಿಡಬೇಕು ಹೇಳುವುದಿಲ್ಲ ಎಂದು ಬರೆದು ದೂರು ಕೊಟ್ಟ.

ತಾಲೂಕಿನಿಂದ ವೈದ್ಯಾಧಿಕಾರಿ ವಿಚಾರಣೆಗೆ ಬಂದರು. ಒಳಗಿನ ಕೋಣೆಯಲ್ಲಿ ಅವರು, ರಾಮಣ್ಣ, ಪೂರ್ಣಿಮಾ ಮತ್ತು ರೂತಬಾಯಿ. ಉಪವಾಸದ ದಿನ ಈ ಗುಳಿಗೆ ತೆಗೆದುಕೊಳ್ಳಬಾರದು ಎಂದು ಹೇಳಿದ್ದೆಯಾ ಎಂದು ಅಧಿಕಾರಿ ಕೇಳಿದರು.

"ಹೇಳೀನ್ರಿ ಸರ್" ಎಂದಳು ಪೂರ್ಣಿಮಾ. "ಶ್ರಾವಣ ಬಂತು, ಸೋಮವಾರ ಗುಳಿಗಿ ಬಿಡ್ರಿ ಅಂತ ಎರಡು ಸಲ ಹೇಳೀನಿ. ಅಕ್ಕಾರು ಅಲ್ಲೇ ಕುಂತಿದ್ರು. ಕೇಳ್ರಿ ಅವರನ್ನ."

ಅದು ನಿಜ. ಅವತ್ತು ಮಳೆಯೆಂದು ಮೇಜು ಒಳಗಿತ್ತು. ರೂತಬಾಯಿ ಅದೇ ಕೋಣೆಯಲ್ಲಿ ಕುಳಿತು ಸೂಜಿಗಳ ಪೆಟ್ಟಿಗೆ ಬಿಚ್ಚುತ್ತಿದ್ದಳು. ಹುಡುಗಿ ಹೇಳಿದ್ದನ್ನು ಎರಡೂ ಸಲ ಕೇಳಿದ್ದಳು. ಎರಡನೆಯ ಸಲ ಚನಮಲ್ಲಪ್ಪ ಬಾಗಿಲವರೆಗೆ ಹೋಗಿದ್ದವನು ತಿರುಗಿ ನಿಂತು, ಹೂಂ ಎಂದು ಗೋಣಾಡಿಸಿದ್ದನ್ನೂ ನೋಡಿದ್ದಳು.

ಪೂರ್ಣಿಮಾ ಆಕೆಯ ಕಡೆಗೆ ನೋಡಿದಳು. ಅಂಜಿಕೆಯ ನೋಟವಾಗಿರಲಿಲ್ಲ ಅದು. ಮನೆಯ ಹಿರಿಯರು ಬಂದರು, ಇನ್ನು ಚಿಂತೆಯಿಲ್ಲ ಎಂಬಂತೆ ನೋಡಿದಳು. ಆ ನೋಟವೇ ತನ್ನನ್ನು ಹೆಚ್ಚು ಕೆರಳಿಸಿತು ಎಂದು ರೂತಬಾಯಿ ನನಗೆ ಹೇಳಿದ್ದಾಳೆ.

"ನನಗ ನೆನಪಿಲ್ರಿ ಸರ್" ಎಂದಳು ಆಕೆ. "ನಾ ನನ್ನ ಕೆಲಸದಾಗಿದ್ದೆ."

ಅಷ್ಟೇ. ಒಂದು ನಿಮಿಷವೂ ಹಿಡಿಯಲಿಲ್ಲ. ಅಧಿಕಾರಿ ಬರೆದುಕೊಂಡರು. ಪೂರ್ಣಿಮಾ ತಲೆ ತಗ್ಗಿಸಿ ತನ್ನ ಓಡಣಿಯ ಅಂಚು ನೋಡುತ್ತಾ ನಿಂತಳು. ದಸರೆಯ ಹೊತ್ತಿಗೆ ಆಕೆಯ ಕಾಂಟ್ರಾಕ್ಟು ಮುಗಿದಿತ್ತು, ಮುಂದುವರಿಸಲಿಲ್ಲ. ಹೋಗುವ ದಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, "ಬರ್ತೀನ್ರಿ ಅಕ್ಕಾರ" ಎಂದು ಹೇಳಿ ಹೋದಳು. ಜಮಖಂಡಿಯ ಯಾವುದೋ ಖಾಸಗಿ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳೆಂದು ಆಮೇಲೆ ಸುದ್ದಿ ಬಂತು.

ಕೇಂದ್ರ ಮತ್ತೆ ರೂತಬಾಯಿಯದಾಯಿತು. ಬೇವಿನ ಮರದ ಕೆಳಗಿನ ಕುರ್ಚಿಗಳು ಒಳಗೆ ಬಂದವು. ಮುದುಕರು ಬರುವುದು ಕಡಿಮೆಯಾಯಿತು. ಬಂದವರು ಔಷಧಿ ಇಸಿದುಕೊಂಡು ಹೋಗುತ್ತಿದ್ದರು. ಆಕೆಗೆ ಬೆಳಗ್ಗೆ ಏಳುವುದೇ ಕಷ್ಟವಾಗತೊಡಗಿತು. ಬಸ್ಸಿನಲ್ಲಿ ಸೀಟು ಸಿಕ್ಕರೂ ಇಳಿಯುವಾಗ ಕಾಲು ಭಾರ. ರವಿವಾರ ಹಾಡು ಎತ್ತಿದರೆ ಎರಡನೆಯ ಚರಣಕ್ಕೇ ಉಸಿರು ಸಾಲದು. ರಕ್ತ ಪರೀಕ್ಷೆ ಮಾಡಿಸಿದಳು, ಎಲ್ಲ ಸರಿಯಾಗಿಯೇ ಇತ್ತು. ತಿಂಗಳ ಮೊದಲ ರವಿವಾರ, ಯೇಸುವಿನ ಕಡೆಯ ಊಟದ ನೆನಪಿಗೆ ಹಂಚುವ ಪ್ರಭು ಭೋಜನದ ತಟ್ಟೆ ಬಂದಾಗ ಎಲ್ಲರಂತೆ ರೊಟ್ಟಿ ತೆಗೆದುಕೊಳ್ಳುತ್ತಿದ್ದಳು. ತಪ್ಪನ್ನು ಒಳಗಿಟ್ಟುಕೊಂಡು ಅದನ್ನು ತೆಗೆದುಕೊಳ್ಳಬಾರದೆಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ನಾಲ್ಕು ತಿಂಗಳು ಹಾಗೆಯೇ ತೆಗೆದುಕೊಂಡಳು.

ಜನವರಿಯ ಒಂದು ಬೆಳಗ್ಗೆ ಬಸ್ಸಿನಲ್ಲಿ ಆ ಊರಿನ ಆಶಾ ಕಾರ್ಯಕರ್ತೆ ಸುಮನ ಪಕ್ಕದಲ್ಲಿ ಬಂದು ಕುಳಿತಳು. ಪೂರ್ಣಿಮಾ ಮೇಡಂ ಸ್ಕೂಟಿಯಿಂದ ಬಿದ್ದಳಂತೆ, ಕಬ್ಬಿನ ಟ್ರ್ಯಾಕ್ಟರ್ ದಾಟಲು ಹೋಗಿ ಜಾರಿತಂತೆ, ಬಲಗೈ ಮುರಿದಿದೆ, ಆಸ್ಪತ್ರೆಯ ಕೆಲಸವೂ ಹೋಗಿ ಸಾವಳಗಿಯಲ್ಲಿ ತಾಯಿಯ ಮನೆಯಲ್ಲಿದ್ದಾಳೆ ಎಂದು ಹೇಳಿದಳು.

ರೂತಬಾಯಿ ಅಯ್ಯೋ ಪಾಪ ಎಂದಳು. ಆದರೆ ಆ ಮಾತು ಬಾಯಿಗೆ ಬರುವ ಮೊದಲು ಒಳಗೆ ಇನ್ನೇನೋ ಬಂದು ಹೋಗಿತ್ತು. ಬಹಳ ಹೊತ್ತು ಹೊತ್ತಿದ್ದ ಕೊಡ ಇಳಿಸಿದಾಗ ಆಗುವಂಥ ಒಂದು ಹಗುರ. ತಿಂಗಳುಗಳಿಂದ ಮೈಗೆ ಸಿಗದಿದ್ದ ಸಮಾಧಾನ, ಒಂದು ಹುಡುಗಿಯ ಕೈ ಮುರಿದ ಸುದ್ದಿಗೆ ಸಿಕ್ಕಿತು. ಸುಮನ ಮಾತಾಡುತ್ತಲೇ ಇದ್ದಳು. ರೂತಬಾಯಿ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಕುಳಿತಳು, ಇಳಿಯಬೇಕಾದ ಕಡೆ ಇಳಿಯಲಿಲ್ಲ. ಬಸ್ಸು ಮಹಾಲಿಂಗಪುರ ಮುಟ್ಟಿದ ಮೇಲೆ ಕಂಡಕ್ಟರ್ ಎಬ್ಬಿಸಿದ.

ಫೆಬ್ರುವರಿಯ ಮೊದಲ ರವಿವಾರ ತಟ್ಟೆ ಬಂದಾಗ ಆಕೆ ರೊಟ್ಟಿ ಮುಟ್ಟದೆ ಪಕ್ಕದವರಿಗೆ ದಾಟಿಸಿದಳು. ನಲವತ್ತು ಮಂದಿಯ ಸಭೆಯಲ್ಲಿ ಅಂಥದು ಮುಚ್ಚಿಡಲು ಬರುವುದಿಲ್ಲ. ಪಾಸ್ಟರ್ ಕರೆಪ್ಪನವರೂ ನೋಡಿದರು. ಮಂಗಳವಾರ ಆಕೆಯೇ ರಜೆ ಹಾಕಿ ಜಮಖಂಡಿಗೆ ಹೋದಳು.

ಪಾಸ್ಟರ್ ಅಂಗಳದಲ್ಲಿ ಕುಳಿತು ಹಳೆಯ ಹೊಲಿಗೆ ಯಂತ್ರವೊಂದನ್ನು ರಿಪೇರಿ ಮಾಡುತ್ತಿದ್ದರಂತೆ. ಟರ್ನರ್ ಕೈ, ಸುಮ್ಮನೆ ಇರಲಾರದು. ರೂತಬಾಯಿ ಸ್ಟೂಲಿನ ಮೇಲೆ ಕುಳಿತು, ತನಗೆ ಬಹಳ ದಣಿವಾಗಿದೆ, ಪ್ರಾರ್ಥನೆ ಮಾಡಬೇಕು ಎಂದಳು.

"ದಣಿವು ಅಂತ ಒಂದೂವರಿ ವರ್ಷ ಪ್ರಾರ್ಥನಿ ಮಾಡೇವಿ ರೂತವ್ವ" ಎಂದರು ಅವರು. "ಬ್ಯಾರೆ ಹೆಸರು ಏನರ ಐತೇನು ಅದಕ್ಕ?"

ಪಾಸ್ಟರ್ ಅವರ ಹೆಂಡತಿ ಚಹಾ ತಂದಿಟ್ಟು ಒಳಗೆ ಹೋದರು. ಚಹಾ ಆರಿ ಕೆನೆಗಟ್ಟಿತು.

"ಹೊಟ್ಟಿಕಿಚ್ಚು ರೀ" ಎಂದಳು ಆಕೆ.

ಆ ಮಾತು ಹೇಳಲು ಐವತ್ತೆಂಟು ವರ್ಷ ಬೇಕಾಯಿತು ಎಂದು ಆಮೇಲೆ ನನ್ನೊಡನೆ ನಗಲು ನೋಡಿದಳು. ನಗು ಬರಲಿಲ್ಲ. ಅಂದು ಪಾಸ್ಟರ್ ಮುಂದೆ ಎಲ್ಲವನ್ನೂ ಹೇಳಿದಳು. ಹಣಮವ್ವ ದಾಟಿಕೊಂಡು ಹೋದದ್ದು, ವಿಚಾರಣೆಯ ದಿನ ಹೇಳಿದ ಮಾತು, ಬಸ್ಸಿನಲ್ಲಿ ಬಂದುಹೋದ ಆ ಹಗುರ, ಎಲ್ಲ.

ಕರೆಪ್ಪನವರು ಕೈಯ ಎಣ್ಣೆ ಒರೆಸಿಕೊಂಡು ಪ್ರಾರ್ಥನೆ ಮಾಡಿದರು. ಆಮೇಲೆ ತಮ್ಮ ಸಂಗತಿ ಹೇಳಿದರಂತೆ. ಐದು ವರ್ಷದ ಹಿಂದೆ ಜಮಖಂಡಿಗೆ ಒಬ್ಬ ಹೊಸ ಬೋಧಕ ಬಂದ. ಗಿಟಾರು, ದೊಡ್ಡ ಸ್ಪೀಕರು. ಅಲ್ಲಿನ ಇವರ ಇನ್ನೊಂದು ಸಭೆಯ ಹರೆಯದವರೆಲ್ಲ ಆ ಕಡೆ ಹೋದರು. ಆ ಮನುಷ್ಯನ ಸ್ಪೀಕರು ಸುಟ್ಟುಹೋದ ಸುದ್ದಿ ಕೇಳಿ ತಾವು ಒಂದು ಹೊತ್ತು ಖುಷಿಯಿಂದ ಉಂಡಿದ್ದರಂತೆ. ಅಂದಿನಿಂದ ದಿನಾ ಬೆಳಗ್ಗೆ ಆ ಬೋಧಕನ ಹೆಸರು ಹಿಡಿದು, ಅವನಿಗೆ ಒಳ್ಳೆಯದಾಗಲಿ ಎಂದು ಪ್ರಾರ್ಥಿಸುತ್ತಾರೆ. ಐದು ವರ್ಷವಾದರೂ ಅದು ಕಷಾಯ ಕುಡಿದ ಹಾಗೆಯೇ ಇದೆ ಎಂದರು. ಕ್ರಿಸ್ತನು ಆ ಹುಡುಗಿಯನ್ನೂ ಪ್ರೀತಿಸುತ್ತಾನೆ, ಅದಕ್ಕಾಗಿ ನಿನಗೆ ಬರುವುದರಲ್ಲಿ ಒಂದು ಹಿಡಿಯೂ ಕಡಿಮೆ ಮಾಡುವುದಿಲ್ಲ, ನೀನು ಅದನ್ನೇ ನಂಬಲಾರದೆ ಹೋದೆ ಎಂದೂ ಹೇಳಿದರು.

ಆಕೆ ಏಳುವಾಗ ಅವರು ಮತ್ತೊಂದು ಮಾತು ಹೇಳಿದರು. "ದೇವರು ಕ್ಷಮಿಸ್ತಾನ, ಅದರಾಗ ಸಂಶಯ ಬ್ಯಾಡ. ಆದ್ರ ಆ ಹುಡುಗಿ ಹೆಸರು ಇನ್ನೂ ಅಲ್ಲೇ ಕೆಸರಾಗ ಬಿದ್ದೈತಿ. ಅದನ್ನ ಬೀಳಿಸಿದಾಕಿ ನೀ. ನೀನ ಎತ್ತಬೇಕು."

ಇಲ್ಲಿ ನನ್ನ ಪಾತ್ರವನ್ನು ಹೇಳಬೇಕು. ರೂತಬಾಯಿ ಆ ವಾರ ನನ್ನ ಮನೆಗೆ ಬಂದು, ವೈದ್ಯಾಧಿಕಾರಿಗೆ ಕೊಡಲು ಒಂದು ಹೇಳಿಕೆ ಬರೆದುಕೊಡಿ ಎಂದು ಕೇಳಿದಳು. ನನಗೆ ಮೊದಲು ಬಂದದ್ದು ಅಂಜಿಕೆ. ನಿವೃತ್ತಿಗೆ ಒಂದೂವರೆ ವರ್ಷವಿದೆ, ಹುಡುಗಿಯ ಹತ್ತಿರ ಹೋಗಿ ಕ್ಷಮೆ ಕೇಳಿದರೆ ಸಾಕು, ಕಾಗದದ ಮೇಲೆ ಯಾಕೆ ಎಂದೆ. ನಾವು ಇಷ್ಟೇ ಮಂದಿ ಇದ್ದೇವೆ, ಚರ್ಚಿನ ಹೆಂಗಸು ಸುಳ್ಳು ಸಾಕ್ಷಿ ಹೇಳಿದಳು ಎಂದು ಊರೂರು ಆಡಿಕೊಂಡರೆ ನಮ್ಮ ಹೆಸರೇನಾದೀತು ಎಂದೂ ಹೇಳಿದೆ.

ಆಕೆ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ಬರೀ ಸುಸ್ತು. "ಮಾಸ್ತರ, ನಾನೂ ಹೆಸರು ನೋಡಿಕೋತ ಇಲ್ಲಿ ಮಟಾ ಬಂದೀನಿ" ಎಂದಳು. ಚೀಲ ಎತ್ತಿಕೊಂಡು ಹೊರಟಳು. ಹೇಳಿಕೆಯನ್ನು ತಾನೇ ಬರೆದಳು. ಒಂದು ಪುಟ, ಅಕ್ಷರ ಸೊಟ್ಟ, ಕಾಗುಣಿತ ಅಲ್ಲಲ್ಲಿ ತಪ್ಪು. ಪೂರ್ಣಿಮಾ ಎರಡು ಸಲ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ, ವಿಚಾರಣೆಯಲ್ಲಿ ನೆನಪಿಲ್ಲವೆಂದು ಹೇಳಿದ್ದು ಸುಳ್ಳು, ಆಕೆಯ ಮೇಲಿನ ಮತ್ಸರದಿಂದ ಹಾಗೆ ಹೇಳಿದೆ ಎಂದು ಬರೆದಿದ್ದಳು.

ವೈದ್ಯಾಧಿಕಾರಿ ಓದಿ ಬೇಸರಪಟ್ಟರು. ಮುಗಿದ ಪ್ರಕರಣ, ಈಗ ಕೆದಕಿದರೆ ತಮಗೂ ತೊಂದರೆ ಎಂದರು. ಮತ್ಸರ ಎಂಬ ಶಬ್ದವನ್ನಾದರೂ ತೆಗೆದುಬಿಡು, ಮರೆವು ಎಂದು ಬರೆ, ನಿನಗೂ ಹಗುರವಾಗುತ್ತದೆ ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆಕೆ ಒಪ್ಪಲಿಲ್ಲ. ಮೂರು ಸಲ ಆಫೀಸಿಗೆ ಅಲೆದ ಮೇಲೆ ಕಾಗದ ಮೇಲಕ್ಕೆ ಹೋಯಿತು.

ಮಾರ್ಚಿನಲ್ಲಿ ಸಾವಳಗಿಗೆ ಹೋದಳು. ಮುಧೋಳದಿಂದ ಜಮಖಂಡಿ, ಅಲ್ಲಿಂದ ಇನ್ನೊಂದು ಬಸ್ಸು. ಬಿಸಿಲಿನಲ್ಲಿ ಕೇಳಿ ಕೇಳಿ ಮನೆ ಹುಡುಕಿದಳು. ಪೂರ್ಣಿಮಾಳ ತಾಯಿ ಯಾರೋ ಹಳೆಯ ಪರಿಚಯದವರು ಬಂದರೆಂದು ಹಿಗ್ಗಿ ಚಾಪೆ ಹಾಸಿದರು, ನೀರು ಬೆಲ್ಲ ಕೊಟ್ಟರು. ಪೂರ್ಣಿಮಾ ಒಳಗಿನಿಂದ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಕೈಯ ಪ್ಲಾಸ್ಟರ್ ಬಿಚ್ಚಿದ್ದರು, ಮಣಿಕಟ್ಟು ಬಡಕಲಾಗಿ ಬಿಳಚಿಕೊಂಡಿತ್ತು.

ರೂತಬಾಯಿ ನಿಂತೇ ಹೇಳಿದಳು. ಏನನ್ನೂ ಮುಚ್ಚಲಿಲ್ಲ, ಬಸ್ಸಿನಲ್ಲಿ ಆದ ಹಗುರವನ್ನು ಕೂಡ. ಅದನ್ನು ಹೇಳಬೇಕಿರಲಿಲ್ಲವೇನೋ ಎಂದು ಈಗ ಅನ್ನಿಸುತ್ತದಂತೆ. ಕೆಲವು ಮಾತು ಹೇಳಿದವನಿಗೆ ಹಗುರ, ಕೇಳಿದವನಿಗೆ ಭಾರ. ತಾಯಿ ಬೆಲ್ಲದ ತಟ್ಟೆ ಹಿಡಿದುಕೊಂಡು ಹಾಗೆಯೇ ನಿಂತುಬಿಟ್ಟರು.

ಪೂರ್ಣಿಮಾ ಕೊನೆಯವರೆಗೆ ಕೇಳಿದಳು. ಆಮೇಲೆ, "ಅವತ್ತ ನೀವು ಅದೀರಿ ಅಂತ ನಾ ಅಂಜಿರಲಿಲ್ರಿ" ಎಂದಳು. ತಾಯಿಯ ಕೈಯಿಂದ ತಟ್ಟೆ ಇಸಿದುಕೊಂಡು ಕೆಳಗಿಟ್ಟು, "ಬರಕೊಟ್ಟಿದ್ದು ಛಲೋ ಆತು. ಆದ್ರ ನಿಮ್ಮ ಕೂಡ ಮಾತಾಡಾಕ ನನಗ ಆಗವಲ್ದು. ನೀವು ಹೋಗ್ರಿ ಅಕ್ಕಾರ."

ರೂತಬಾಯಿ ಹೊರಟಳು. ಬಸ್ಸು ಸಿಗಲು ಎರಡು ತಾಸು ಕಾಯಬೇಕಾಯಿತು. ಕ್ಷಮೆ ಸಿಕ್ಕೀತು ಎಂದು ತಾನು ಒಳಗೊಳಗೆ ನಂಬಿಕೊಂಡೇ ಹೋಗಿದ್ದೆನೆಂದು ಅವತ್ತು ಕುಳಿತಾಗ ತಿಳಿಯಿತಂತೆ.

ಹೇಳಿಕೆಯ ಪರಿಣಾಮ ನಿಧಾನವಾಗಿ ಬಂತು. ಪೂರ್ಣಿಮಾಳ ಹೆಸರಿನ ಮೇಲಿದ್ದ ಆಕ್ಷೇಪಣೆ ಹೋಯಿತು, ಮಳೆಗಾಲದಲ್ಲಿ ಬನಹಟ್ಟಿಯ ಹತ್ತಿರದ ಒಂದು ಕೇಂದ್ರದಲ್ಲಿ ಮತ್ತೆ ಕೆಲಸ ಸಿಕ್ಕಿತು. ರೂತಬಾಯಿಗೆ ನೋಟೀಸು ಬಂತು, ದಾಖಲೆಯಲ್ಲಿ ಕಪ್ಪುಗುರುತು ಬಿತ್ತು. ಆಮೇಲೆ ವರ್ಗ. ಕೊನೆಯ ಒಂದು ವರ್ಷ ಬೀಳಗಿ ತಾಲೂಕಿನಲ್ಲಿ, ಹಿನ್ನೀರಿಗೆ ಊರು ಮುಳುಗಿದವರ ಒಂದು ಪುನರ್ವಸತಿ ಊರಿಗೆ ಹೋಗಬೇಕಾಯಿತು. ಊರು ಬಿಡುವ ದಿನ ಯಾರೂ ಶಾಲು ಹೊದಿಸಲಿಲ್ಲ. ರಾಮಣ್ಣ ಎದುರಿಗೆ ಸಿಕ್ಕರೂ ಮುಖ ತಿರುಗಿಸಿದ. ಹಣಮವ್ವ ಮಾತ್ರ ಬಸ್‌ಸ್ಟ್ಯಾಂಡಿಗೆ ಬಂದು ಅವಳ ಕೈ ಹಿಡಿದುಕೊಂಡು, ಯಾಕೆ ಹಾಗೆ ಮಾಡಿದೆ ಎಂದು ಕೇಳಿದಳು. ಬಸ್ಸು ಬರುವವರೆಗೂ ಮುದುಕಿ ಕೈ ಬಿಡಲಿಲ್ಲ. ನಮ್ಮ ಸಭೆಯಲ್ಲಿಯೂ ಇಬ್ಬರು ಆಕೆಯ ಜೊತೆ ಮಾತು ಬಿಟ್ಟರು. ಹಾಡು ಎತ್ತುವುದನ್ನು ಆಕೆ ತಾನಾಗಿಯೇ ನಿಲ್ಲಿಸಿದಳು. ಆರು ತಿಂಗಳ ಮೇಲೆ ಪಾಸ್ಟರ್ ಕೇಳಿಕೊಂಡಾಗ ಮತ್ತೆ ಎತ್ತಿದಳು.

ಬೀಳಗಿ ಕಡೆಯ ಊರಿನಲ್ಲಿ ಅಮೇಯ ಎಂಬ ತರುಣ ಆರೋಗ್ಯ ಅಧಿಕಾರಿಯಾಗಿದ್ದ. ಚುರುಕು ಹುಡುಗ. ಒಂದೇ ತಿಂಗಳಲ್ಲಿ ಹಳೆಯ ಕಾಯಿಲೆ ಮತ್ತೆ ತಲೆಯೆತ್ತಿತು. ಲಸಿಕೆಯ ಬಗ್ಗೆ ಅವನು ಏನೋ ಹೇಳಿದ, ತಾಯಂದಿರು ಹೌದೆಂದು ತಲೆದೂಗಿದರು. ಅದೇ ಮಾತನ್ನು ಆಕೆ ಇಪ್ಪತ್ತೇಳು ವರ್ಷ ಹೇಳಿದ್ದಳು. ಆ ಹೊಟ್ಟೆಕಿಚ್ಚು ಏರತೊಡಗಿದ್ದು ಗೊತ್ತಾಯಿತು. ಹೊಸದೇನೆಂದರೆ, ಅದು ಬಾಯಿಗೆ ಬರುವ ಮೊದಲೇ ಗೊತ್ತಾಯಿತು. ಎದ್ದು ಹೊರಗೆ ಹೋಗಿ ನೀರು ಕುಡಿದಳು. ಕರ್ತನೇ, ಮತ್ತೆ ಬಂತು ನೋಡು ಎಂದಷ್ಟೇ ಹೇಳಿದಳು. ಉದ್ದ ಪ್ರಾರ್ಥನೆಗೆ ಶಕ್ತಿಯಿರಲಿಲ್ಲ. ಒಳಗೆ ಬಂದು, ಒಬ್ಬ ತಾಯಿ ಏನೋ ಕೇಳಿದಾಗ, "ಅಮೇಯ ಸರ್‌ನ ಕೇಳವ್ವ, ಅವರಿಗೆ ನನಗಿಂತ ಛಲೋ ಗೊತ್ತೈತಿ" ಎಂದಳು. ಆ ಮಾತು ಸುಲಭಕ್ಕೆ ಹೊರಬರಲಿಲ್ಲವಂತೆ. ಆದರೂ ಬಂತು.

ಅದನ್ನು ಆಕೆ ವರ್ಷವೆಲ್ಲ ಮಾಡಿದಳು. ದಿನಕ್ಕೊಂದು ಸಲ ಯಾರ ಮುಂದಾದರೂ ಆ ಹುಡುಗನ ಒಂದು ನಿಜವಾದ ಒಳ್ಳೆಯ ಗುಣ ಹೇಳಬೇಕು. ಪಾಸ್ಟರ್ ಹಾಕಿಕೊಟ್ಟ ನೇಮ ಅದು. ಬೆಳಗಿನ ಪ್ರಾರ್ಥನೆಯಲ್ಲಿ ಪೂರ್ಣಿಮಾಳ ಹೆಸರು ಹಿಡಿಯಬೇಕು. ಹಲವು ದಿನ ಏನೂ ಅನ್ನಿಸದೆ, ಹಲ್ಲುಜ್ಜಿದ ಹಾಗೆ ಮಾಡಿದಳು. ಕೆಲವು ದಿನ ತಪ್ಪಿಸಿದಳು. ಒಂದು ವಾರ ಪೂರ್ತಿ ಬಿಟ್ಟು, ಮತ್ತೆ ಹಿಡಿದಳು. ಮುಧೋಳದಿಂದ ದಿನಾ ಹೋಗಿಬರುವ ಬಸ್ಸಿನಲ್ಲಿ ಸೀಟು ಸಿಕ್ಕರೆ ಕಣ್ಣು ಮುಚ್ಚಿಕೊಂಡು ಅದನ್ನು ಮಾಡುತ್ತಿದ್ದಳು, ಸಿಗದಿದ್ದರೆ ಕಂಬಿ ಹಿಡಿದು ನಿಂತು. ನಿವೃತ್ತಿಯ ದಿನ ಅಮೇಯನೇ ಒಂದು ಕೇಕು ತಂದಿದ್ದ. ಚಳಿಗಾಲದಲ್ಲಿ ತೊಡಲಿ ಎಂದು ತನ್ನ ತಾಯಿ ಹೆಣೆದ ಸ್ವೆಟರನ್ನೂ ಕೊಟ್ಟ.

ಹೋದ ತಿಂಗಳು ಪತ್ರಿಕೆಯಲ್ಲಿ ಒಂದು ಫೋಟೋ ಬಂದಿತ್ತು. ಬಾಗಲಕೋಟೆಯಲ್ಲಿ ಜಿಲ್ಲೆಯ ಕೆಲವು ಆರೋಗ್ಯ ಅಧಿಕಾರಿಗಳಿಗೆ ಸನ್ಮಾನ ಮಾಡಿದ್ದರು, ಎಡದಿಂದ ಮೂರನೆಯವಳು ಪೂರ್ಣಿಮಾ. ರೂತಬಾಯಿಗೆ ತೋರಿಸಬೇಕೋ ಬೇಡವೋ ಎಂದು ನಾನು ಎರಡು ದಿನ ಪತ್ರಿಕೆಯನ್ನು ಮಡಚಿ ಇಟ್ಟುಕೊಂಡಿದ್ದೆ. ರವಿವಾರ ಆರಾಧನೆ ಮುಗಿದ ಮೇಲೆ ತೋರಿಸಿದೆ.

ಆಕೆ ಪತ್ರಿಕೆಯನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಹೊಟ್ಟ್ಯಾಗ ಒಂದ ಸಲ ಚುರ್ ಅಂತ್ರಿ ಮಾಸ್ತರ. ಖರೆ ಹೇಳ್ತೀನಿ" ಎಂದಳು. ಮತ್ತೆ ಸ್ವಲ್ಪ ಹೊತ್ತು ನೋಡಿದಳು. "ಈಗ ಇಲ್ಲ. ಹೋತು."

ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದೇನೆ, ಏನು ಬರೆದಿದ್ದಾರೆ ಓದಿರಿ ಎಂದಳು. ಓದಿದೆ. ಪೂರ್ಣಿಮಾಳ ಬಗ್ಗೆ ಇದ್ದದ್ದು ಎರಡೇ ಸಾಲು. ಹಿರಿಯ ನಾಗರಿಕರ ಆರೈಕೆಯಲ್ಲಿ ಒಳ್ಳೆಯ ಕೆಲಸ ಮಾಡಿದ್ದಾಳೆ ಎಂದಿತ್ತು. ಮತ್ತೊಮ್ಮೆ ಓದಿಸಿದಳು. ಆ ಹುಡುಗಿ ಇಂದಿಗೂ ಆಕೆಗೆ ಫೋನು ಮಾಡಿಲ್ಲ, ಮಾಡುತ್ತಾಳೆಂದು ಆಕೆ ಕಾಯುತ್ತಲೂ ಇಲ್ಲ. ಅಷ್ಟರಲ್ಲಿ ಒಳಗಿನಿಂದ ಹೆಂಗಸರು ಜಮಖಾನೆ ಮಡಚಲು ಕರೆದರು. ಪತ್ರಿಕೆಯನ್ನು ನನ್ನ ಕೈಗೆ ಕೊಟ್ಟು, ಗೋಡೆಗೆ ಕೈಯೂರಿ ಮೊಣಕಾಲು ಸರಿಮಾಡಿಕೊಂಡು ಆಕೆ ಒಳಗೆ ಹೋದಳು.